ಬಾನಿನಲ್ಲೊಂದು ಹೆಸರು: ಖಗೋಳವಿಜ್ಞಾನಿ ವೈನು ಬಪ್ಪು ಅವರ ಬಾಳು

ಕಳೆದ ಚಳಿಗಾಲದಲ್ಲಿ ನಾಗಪುರದ ಧರಂಪೇಠದಲ್ಲಿರುವ ನಮ್ಮ ಮಿತ್ರರೊಬ್ಬರ ಮನೆಯಲ್ಲಿ ಮೊಮ್ಮಗನ ನಾಮಕರಣವಿತ್ತು. ಸಂಘದ ಹಲವು ಕುಟುಂಬಗಳು ಸೇರಿದ್ದವು. ತೊಟ್ಟಿಲ ಹಾಡು, ಹೋಳಿಗೆಯೂಟ ಎಲ್ಲವೂ ಊರಿನ ಪದ್ಧತಿಯಂತೆಯೇ ಸಾಂಗವಾಗಿ ನೆರವೇರಿದವು. ಅಂದು ಬಂದ ಉಡುಗೊರೆಗಳಲ್ಲಿ ಒಂದು ಎಲ್ಲರ ಗಮನ ಸೆಳೆಯಿತು. ವಿದೇಶದಲ್ಲಿರುವ ಬಂಧುಗಳೊಬ್ಬರು ಅಂತರಜಾಲದಲ್ಲಿ ಹಣ ತೆತ್ತು, ಆಕಾಶದ ಒಂದು ನಕ್ಷತ್ರಕ್ಕೆ ಮಗುವಿನ ಹೆಸರನ್ನು ಇಡಿಸಿರುವುದಾಗಿ ಸಾರುವ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಕಳುಹಿಸಿದ್ದರು. ಹಿರಿಯರು ಮೆಚ್ಚಿ ಕೈಯಿಂದ ಕೈಗೆ ದಾಟಿಸಿದರು. ಮಗುವಿನ ಅಕ್ಕ, ಏಳನೆಯ ತರಗತಿಯ ಬಾಲಕಿ, ಅದನ್ನು ಎರಡು ಬಾರಿ ಓದಿದಳು. ಬಳಿಕ ಬ್ಯಾಂಕಿನ ಉದ್ಯೋಗಿಯಾದ ನಮ್ಮ ಬಳಿ ಬಂದು, ಇಂತಹ ಪತ್ರಕ್ಕೆ ಸಹಿ ಮಾಡುವ ಅಧಿಕಾರ ಯಾರಿಗಿರುತ್ತದೆ ಎಂದು ಕೇಳಿದಳು. ದಿನವಿಡೀ ಸಹಿಗಳನ್ನು ತಾಳೆ ನೋಡುವ ವೃತ್ತಿಯಲ್ಲಿದ್ದೂ ನಮಗೆ ಉತ್ತರ ಹೊಳೆಯಲಿಲ್ಲ.

ಮುಂದಿನ ಕೆಲವು ವಾರ ಈ ಪ್ರಶ್ನೆಯ ಬೆನ್ನು ಹತ್ತಿದೆವು. ಆಕಾಶಕಾಯಗಳ ಹೆಸರನ್ನು ಅಧಿಕೃತವಾಗಿ ಅಂಗೀಕರಿಸುವ ಹೊಣೆ 1919ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ್ದು. ಅದು ಯಾವ ಹೆಸರನ್ನೂ ಮಾರುವುದಿಲ್ಲ. ಹಣ ಪಡೆದು ನಕ್ಷತ್ರಕ್ಕೆ ಹೆಸರಿಡುವವರ ಪತ್ರಕ್ಕೆ ಖಗೋಳವಿಜ್ಞಾನದಲ್ಲಿ ಬೆಲೆಯಿಲ್ಲ. ಆದರೆ ನಮ್ಮ ನಿಮ್ಮಂತಹ ಮನುಷ್ಯರ ಹೆಸರನ್ನು ನ್ಯಾಯವಾಗಿಯೇ ಹೊತ್ತು ಸೂರ್ಯನನ್ನು ಸುತ್ತುತ್ತಿರುವ ಕಾಯಗಳೂ ಇವೆ. ಅವೇ ಕ್ಷುದ್ರಗ್ರಹಗಳು. ಅವುಗಳ ಪಟ್ಟಿಯಲ್ಲಿ 2596ನೆಯ ಸಂಖ್ಯೆಯ ಮುಂದೆ ವೈನು ಬಪ್ಪು ಎಂಬ ಹೆಸರಿದೆ. ಬೆಂಗಳೂರನ್ನು ತಮ್ಮ ಸಂಸ್ಥೆಯ ನೆಲೆಯಾಗಿಸಿಕೊಂಡು, ಸ್ವತಂತ್ರ ಭಾರತದ ಖಗೋಳವಿಜ್ಞಾನಕ್ಕೆ ಅಡಿಪಾಯ ಹಾಕಿದ ಮಹನೀಯರ ಹೆಸರದು. ಆ ಹೆಸರು ಅಲ್ಲಿಗೆ ಸೇರಿದ ಬಗೆಯನ್ನು ತಿಳಿಯಬೇಕಾದರೆ ಅವರ ಬಾಳನ್ನೇ ತಿಳಿಯಬೇಕು.

ಹೈದರಾಬಾದಿನ ಬಾಲ್ಯ

ಮನಾಲಿ ಕಲ್ಲಾಟ್ ವೈನು ಬಪ್ಪು 1927ರ ಆಗಸ್ಟ್ 10ರಂದು ಮದ್ರಾಸಿನಲ್ಲಿ ಜನಿಸಿದರು. ಮನೆತನ ಕೇರಳದ ಮಲಬಾರಿನದು. ತಂದೆಯವರು ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಉದ್ಯೋಗದಲ್ಲಿದ್ದುದರಿಂದ ಬಾಲಕ ವೈನು ಬೆಳೆದದ್ದು ಆ ನಗರದಲ್ಲಿ. ತಂದೆತಾಯಿಗೆ ಒಬ್ಬನೇ ಮಗ. ಊರಿನಿಂದ ಹೊರಗೆ, ಬೇರೆ ಭಾಷೆಯ ನಾಡಿನಲ್ಲಿ ಬದುಕು ಕಟ್ಟಿಕೊಂಡ ಆ ಕುಟುಂಬದ ಸ್ಥಿತಿ ನಾಗಪುರದಲ್ಲಿ ನೆಲೆಸಿದ ನಮಗೆ ಅಪರಿಚಿತವೇನಲ್ಲ.

ಇತರ ಮಕ್ಕಳಿಗೆ ಆಟದ ಮೈದಾನವಿದ್ದಂತೆ ಈ ಬಾಲಕನಿಗೆ ವೀಕ್ಷಣಾಲಯವಿತ್ತು. ಕೆಲವು ನಕ್ಷತ್ರಗಳ ಬೆಳಕು ದಿನದಿಂದ ದಿನಕ್ಕೆ ಹೆಚ್ಚುತ್ತ ಕುಗ್ಗುತ್ತ ಇರುತ್ತದೆ. ಇವನ್ನು ಚರ ನಕ್ಷತ್ರಗಳೆನ್ನುತ್ತಾರೆ. ರಾತ್ರಿಯಿಂದ ರಾತ್ರಿಗೆ ಇವುಗಳ ಬೆಳಕನ್ನು ಅಳೆದು ಬರೆದಿಡುವುದು ತಾಳ್ಮೆಯ ಕೆಲಸ. ನಿಜಾಮ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗಲೇ ಬಪ್ಪು ಅಂತಹ ವೀಕ್ಷಣೆಗಳನ್ನು ನಡೆಸಿ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ಮೇಲೆ ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ 1949ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿದರು.

ತಾನಾಗಿ ಬಂದ ಹೆಸರು

ಹಾರ್ವರ್ಡ್ ಸೇರಿದ ವರ್ಷವೇ, 1949ರ ಜುಲೈ 2ರ ರಾತ್ರಿ ತೆಗೆದ ಆಕಾಶದ ಛಾಯಾಚಿತ್ರವೊಂದನ್ನು ಪರಿಶೀಲಿಸುತ್ತಿದ್ದಾಗ, ಇರಬಾರದ ಜಾಗದಲ್ಲಿ ಮಸುಕಾದ ಒಂದು ಗುರುತು ಬಪ್ಪು ಅವರ ಕಣ್ಣಿಗೆ ಬಿತ್ತು. ಅದೊಂದು ಹೊಸ ಧೂಮಕೇತು. ಅವರ ಗುರು ಬಾರ್ಟ್ ಬಾಕ್ ಮತ್ತು ಸಹಪಾಠಿ ಗಾರ್ಡನ್ ನ್ಯೂಕರ್ಕ್ ಅದನ್ನು ಖಚಿತಪಡಿಸಿಕೊಳ್ಳುವುದರಲ್ಲಿ ಜೊತೆಗೂಡಿದರು. ಆ ಧೂಮಕೇತು ಬಪ್ಪು-ಬಾಕ್-ನ್ಯೂಕರ್ಕ್ ಎಂಬ ಹೆಸರನ್ನು ಪಡೆಯಿತು. ಈ ಶೋಧಕ್ಕಾಗಿ ಪೆಸಿಫಿಕ್ ಖಗೋಳ ಸಂಘವು ಅದೇ ವರ್ಷ ಅವರಿಗೆ ಡೊನೋಹೊ ಧೂಮಕೇತು ಪದಕವನ್ನು ನೀಡಿತು. ಆಗ ಅವರಿಗೆ ಇಪ್ಪತ್ತೆರಡರ ವಯಸ್ಸು.

ಇಲ್ಲಿ ಒಂದು ವಿಷಯವನ್ನು ಓದುಗರು ಗಮನಿಸಬೇಕು. ಧೂಮಕೇತುವಿಗೆ ಅದನ್ನು ಕಂಡವರ ಹೆಸರೇ ಬರುವುದು ವಾಡಿಕೆ. ಅದಕ್ಕೆ ಯಾರೂ ಶಿಫಾರಸು ಮಾಡಬೇಕಿಲ್ಲ. ಮೊದಲು ಕಂಡರೆ ಸಾಕು, ಹೆಸರು ತಾನಾಗಿ ಅಂಟಿಕೊಳ್ಳುತ್ತದೆ. ಆದರೆ ಆ ಧೂಮಕೇತು ಹಲವು ಹತ್ತು ಸಾವಿರ ವರ್ಷಗಳಿಗೊಮ್ಮೆ ಮಾತ್ರ ಸೂರ್ಯನ ಸಮೀಪಕ್ಕೆ ಬರುವಂಥದು. ಒಮ್ಮೆ ಕಾಣಿಸಿಕೊಂಡು ಹೊರಟುಹೋಯಿತು. ಅದನ್ನು ಮತ್ತೆ ನೋಡುವ ಭಾಗ್ಯ ನಮ್ಮ ಕಾಲದ ಯಾರಿಗೂ ಇಲ್ಲ. ಕ್ಷುದ್ರಗ್ರಹದ ಹೆಸರಿನ ಬಗೆ ಇದಕ್ಕೆ ತೀರ ವಿರುದ್ಧವಾದುದು. ಅದನ್ನು ಮುಂದೆ ಹೇಳುತ್ತೇವೆ.

ಬಪ್ಪು 1952ರಲ್ಲಿ ಡಾಕ್ಟರೇಟ್ ಪಡೆದರು. ಬಳಿಕ ಕಾರ್ನೆಗಿ ಫೆಲೋಶಿಪ್ ದೊರೆತು ಕ್ಯಾಲಿಫೋರ್ನಿಯಾದ ಪಲೋಮಾರ್ ವೀಕ್ಷಣಾಲಯದಲ್ಲಿ ಕೆಲಸ ಮಾಡಿದರು. ಅಲ್ಲಿ ಓಲಿನ್ ವಿಲ್ಸನ್ ಅವರೊಂದಿಗೆ ನಡೆಸಿದ ಅಧ್ಯಯನವೇ ಅವರ ಕೀರ್ತಿಗೆ ಮುಖ್ಯ ಕಾರಣ. ದೂರದಲ್ಲಿ ದೀಪವೊಂದು ಮಂದವಾಗಿ ಕಾಣುತ್ತಿದ್ದರೆ ಅದು ಹತ್ತಿರದ ಸಣ್ಣ ಹಣತೆಯೋ, ದೂರದ ದೊಡ್ಡ ಪಂಜೋ ಎಂದು ಬರಿಗಣ್ಣಿನಿಂದ ಹೇಳಲಾಗದು. ನಕ್ಷತ್ರಗಳ ವಿಷಯವೂ ಹಾಗೆಯೇ. ಸೂರ್ಯನಂತಹ ಅಥವಾ ಸೂರ್ಯನಿಗಿಂತ ತಂಪಾದ ನಕ್ಷತ್ರಗಳ ಬೆಳಕನ್ನು ರೋಹಿತವಾಗಿ ಬಿಡಿಸಿದಾಗ, ಕ್ಯಾಲ್ಸಿಯಂ ಧಾತುವಿಗೆ ಸೇರಿದ ಕಪ್ಪು ರೇಖೆಯ ನಡುವೆ ತೆಳುವಾದ ಉಜ್ವಲ ಎಳೆಯೊಂದು ಕಾಣುತ್ತದೆ. ಆ ಎಳೆ ಅಗಲವಾದಷ್ಟೂ ನಕ್ಷತ್ರದ ನಿಜವಾದ ಪ್ರಕಾಶ ಹೆಚ್ಚು ಎಂಬುದನ್ನು ಇವರಿಬ್ಬರೂ ತೋರಿಸಿಕೊಟ್ಟರು. ನಿಜವಾದ ಪ್ರಕಾಶ ಗೊತ್ತಾದರೆ, ಕಾಣುವ ಪ್ರಕಾಶದೊಡನೆ ಹೋಲಿಸಿ ದೂರವನ್ನು ಲೆಕ್ಕ ಹಾಕಬಹುದು. 1957ರಲ್ಲಿ ಪ್ರಕಟವಾದ ಈ ಶೋಧವನ್ನು ವಿಲ್ಸನ್-ಬಪ್ಪು ಪರಿಣಾಮ ಎಂದು ಜಗತ್ತಿನಾದ್ಯಂತ ಕರೆಯುತ್ತಾರೆ.

ಮರಳಿ ಭಾರತಕ್ಕೆ

ಇಷ್ಟು ಹೆಸರು ಮಾಡಿದ ತರುಣನಿಗೆ ಅಮೆರಿಕದಲ್ಲೇ ಉಳಿದು ಜಗತ್ತಿನ ಅತಿ ದೊಡ್ಡ ದೂರದರ್ಶಕಗಳೊಡನೆ ಬಾಳು ಕಳೆಯುವುದು ಕಷ್ಟವಿರಲಿಲ್ಲ. ಬಪ್ಪು ಸ್ವದೇಶಕ್ಕೆ ಮರಳಿದರು. ಇಲ್ಲಿ ಅಂತಹ ದೂರದರ್ಶಕವೇ ಇರಲಿಲ್ಲ. 1954ರ ನವೆಂಬರಿನಲ್ಲಿ ವಾರಾಣಸಿಯಲ್ಲಿದ್ದ ಉತ್ತರ ಪ್ರದೇಶ ರಾಜ್ಯ ವೀಕ್ಷಣಾಲಯದ ಹೊಣೆ ವಹಿಸಿಕೊಂಡರು. ಬಯಲುಸೀಮೆಯ ಧೂಳು ಮತ್ತು ಮಬ್ಬಿನ ನಡುವೆ ಒಳ್ಳೆಯ ವೀಕ್ಷಣೆ ಸಾಧ್ಯವಿಲ್ಲವೆಂದು ಅರಿತು, 1955ರಲ್ಲಿ ಅದನ್ನು ನೈನಿತಾಲಿನ ಬೆಟ್ಟಗಳಿಗೆ ಸಾಗಿಸಿದರು. ಇಂದು ಆರ್ಯಭಟರ ಹೆಸರನ್ನು ಹೊತ್ತಿರುವ ಆ ಸಂಶೋಧನಾ ಸಂಸ್ಥೆಯ ಬೆಳವಣಿಗೆಗೆ ಬುನಾದಿ ಬಿದ್ದದ್ದು ಹೀಗೆ.

1960ರಲ್ಲಿ ಅವರು ತಮಿಳುನಾಡಿನ ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಸೂರ್ಯನ ಅಧ್ಯಯನಕ್ಕೆ ಹೆಸರಾದ ಈ ವೀಕ್ಷಣಾಲಯದ ಇತಿಹಾಸದಲ್ಲಿ ನಾಗಪುರದವರಾದ ನಮಗೆ ಆಪ್ತವೆನಿಸುವ ಸಂಗತಿಯೊಂದಿದೆ. ನಾಗಪುರದಿಂದ ಮುಂಬಯಿಯ ಕಡೆಗೆ ರೈಲಿನಲ್ಲಿ ಹೋಗುವಾಗ ವಾರ್ಧಾ ಮತ್ತು ಪುಲಗಾಂವ್ ದಾಟಿದ ಮೇಲೆ ತಳಣಿ ಎಂಬ ಸಣ್ಣ ನಿಲ್ದಾಣ ಬರುತ್ತದೆ. 1898ರ ಜನವರಿ 22ರಂದು ಈ ಸೀಮೆಯಲ್ಲಿ ಪೂರ್ಣ ಸೂರ್ಯಗ್ರಹಣವಾದಾಗ ಬ್ರಿಟನ್ನಿನ ಖಗೋಳವಿಜ್ಞಾನಿಗಳ ಒಂದು ತಂಡ ತಳಣಿಯಲ್ಲಿ, ಇನ್ನೊಂದು ಪುಲಗಾಂವ್‌ನಲ್ಲಿ ಬೀಡುಬಿಟ್ಟಿತ್ತು. ತಳಣಿಯ ತಂಡದಲ್ಲಿ ಜಾನ್ ಎವರ್‌ಶೆಡ್ ಎಂಬವರು ಇದ್ದರು. ಅಂದು ಅವರು ಹವ್ಯಾಸಿ ಮಾತ್ರ. ಗ್ರಹಣದ ಕ್ಷಣಗಳಲ್ಲಿ ಸೂರ್ಯನ ಅಂಚಿನ ರೋಹಿತವನ್ನು ಛಾಯಾಚಿತ್ರದಲ್ಲಿ ಹಿಡಿದರು. ಮುಂದೆ ಅವರೇ ಕೊಡೈಕನಾಲಿಗೆ ಬಂದು 1909ರಲ್ಲಿ ಸೌರಕಲೆಗಳಲ್ಲಿ ಅನಿಲದ ಹರಿವನ್ನು ಕಂಡುಹಿಡಿದು, 1911ರಿಂದ 1923ರವರೆಗೆ ನಿರ್ದೇಶಕರಾಗಿದ್ದರು. ಆ ಪೀಠವನ್ನೇ ಬಪ್ಪು ತಮ್ಮ ಮೂವತ್ತಮೂರನೆಯ ವಯಸ್ಸಿನಲ್ಲಿ ಏರಿದರು. ನಾವು ಎಷ್ಟೋ ಬಾರಿ ತಳಣಿಯನ್ನು ರೈಲಿನ ಕಿಟಕಿಯಿಂದ ನೋಡಿದ್ದೇವೆ. ಅದರ ಮಹತ್ವ ತಿಳಿದದ್ದು ಈ ಲೇಖನಕ್ಕಾಗಿ ಓದಿದಾಗ ಮಾತ್ರ.

ಕಾವಲೂರಿನ ಕಾಡು ಮತ್ತು ಬೆಂಗಳೂರು

ಕೊಡೈಕನಾಲ್ ಹಗಲಿನ ಸೂರ್ಯನಿಗೆ ಒಳ್ಳೆಯದು. ರಾತ್ರಿಯ ನಕ್ಷತ್ರಗಳಿಗೆ ಬೇರೆ ಜಾಗ ಬೇಕಿತ್ತು. ಬಹಳ ಹುಡುಕಾಟದ ನಂತರ ಬಪ್ಪು ಆರಿಸಿದ್ದು ತಮಿಳುನಾಡಿನ ಜವ್ವಾದಿ ಬೆಟ್ಟಗಳ ನಡುವಿನ ಕಾವಲೂರನ್ನು. ಅಲ್ಲಿ ಊರಿನ ದೀಪಗಳ ಕಾಟವಿರಲಿಲ್ಲ. ಭೂಮಧ್ಯರೇಖೆಯಿಂದ ಹನ್ನೆರಡೂವರೆ ಡಿಗ್ರಿಯಷ್ಟು ಮಾತ್ರ ಉತ್ತರಕ್ಕಿರುವುದರಿಂದ ಉತ್ತರದ ಆಕಾಶದೊಡನೆ ದಕ್ಷಿಣದ ಆಕಾಶದ ಬಹುಭಾಗವೂ ಕಾಣುತ್ತಿತ್ತು. ಕೊಡೈಕನಾಲಿನ ಕಾರ್ಯಾಗಾರದಲ್ಲಿಯೇ ತಯಾರಿಸಿದ 38 ಸೆಂಟಿಮೀಟರ್ ದೂರದರ್ಶಕದೊಂದಿಗೆ 1968ರಲ್ಲಿ ಕಾವಲೂರಿನ ಕೆಲಸ ಆರಂಭವಾಯಿತು. 1972ರಲ್ಲಿ ಜರ್ಮನಿಯಿಂದ ತರಿಸಿದ 102 ಸೆಂಟಿಮೀಟರ್ ದೂರದರ್ಶಕ ಬಂದಿತು.

ಫಲ ಬೇಗನೆ ದೊರೆಯಿತು. ಅದೇ 1972ರಲ್ಲಿ ಗುರುಗ್ರಹದ ಗ್ಯಾನಿಮೀಡ್ ಎಂಬ ಉಪಗ್ರಹವು ನಕ್ಷತ್ರವೊಂದನ್ನು ಮರೆಮಾಡಿದ ಅಪರೂಪದ ಘಟನೆಯನ್ನು ಇಲ್ಲಿಂದ ದಾಖಲಿಸಿದರು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ನಕ್ಷತ್ರವೊಂದರ ಮುಂದೆ ಹಾದುಹೋಗುವಾಗ ನಕ್ಷತ್ರದ ಬೆಳಕು ಗ್ರಹ ಅಡ್ಡ ಬರುವ ಮೊದಲೇ ಕ್ಷಣಕಾಲ ಕುಗ್ಗಿದ್ದನ್ನು ಜೆ. ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಕಾವಲೂರಿನಲ್ಲಿ ಕಂಡರು. ಯುರೇನಸ್ಸಿಗೆ ಉಂಗುರಗಳಿವೆ ಎಂಬುದನ್ನು ಜಗತ್ತು ಅರಿತ ರಾತ್ರಿಯದು. ಆ ಶೋಧದಲ್ಲಿ ಭಾರತದ ಕಾಡಿನ ನಡುವಿನ ಒಂದು ವೀಕ್ಷಣಾಲಯಕ್ಕೂ ಪಾಲಿದೆ ಎಂಬುದು ಸಣ್ಣ ಮಾತಲ್ಲ.

1971ರಲ್ಲಿ ಕೊಡೈಕನಾಲ್ ವೀಕ್ಷಣಾಲಯವು ಹವಾಮಾನ ಇಲಾಖೆಯಿಂದ ಬೇರ್ಪಟ್ಟು ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಎಂಬ ಸ್ವಾಯತ್ತ ಸಂಸ್ಥೆಯಾಯಿತು. ಬಪ್ಪು ಅದರ ಮೊದಲ ನಿರ್ದೇಶಕರು. ಕೆಲವೇ ವರ್ಷಗಳಲ್ಲಿ ಸಂಸ್ಥೆಯ ಕೇಂದ್ರ ಬೆಂಗಳೂರಿಗೆ ಬಂದಿತು. ಬೆಂಗಳೂರಿನ ಕೋರಮಂಗಲದ ಮಾರ್ಗವಾಗಿ ಹೋಗುವವರು ಅದರ ಆವರಣವನ್ನು ಕಂಡಿರುತ್ತಾರೆ. ರಾಮನ್ ಸಂಶೋಧನಾ ಸಂಸ್ಥೆಯೊಡನೆ ಸೇರಿ ಗೌರಿಬಿದನೂರಿನಲ್ಲಿ ರೇಡಿಯೋ ದೂರದರ್ಶಕವನ್ನು ಸ್ಥಾಪಿಸಿದ್ದೂ ಆ ಕಾಲದಲ್ಲಿಯೇ. ಹೀಗೆ ಮಲಬಾರಿನ ಮನೆತನದ, ಹೈದರಾಬಾದಿನಲ್ಲಿ ಬೆಳೆದ ಈ ವಿಜ್ಞಾನಿ ತಮ್ಮ ಬಾಳಿನ ಕೊನೆಯ ವರ್ಷಗಳಲ್ಲಿ ಕನ್ನಡ ನಾಡಿನವರಾದರು.

ಮುಚ್ಚಿದ ಬಾಗಿಲಿನ ಹಿಂದೆ

ಇಲ್ಲಿ ನಮ್ಮದೊಂದು ಸಂಗತಿಯನ್ನು ಹೇಳಿಕೊಳ್ಳಲೇಬೇಕು. 1980ರ ಫೆಬ್ರವರಿ 16, ಶನಿವಾರ. ಅಂಕೋಲಾದ ಕಡಲತೀರದಿಂದ ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಪೂರ್ಣ ಸೂರ್ಯಗ್ರಹಣದ ನೆರಳು ಹಾದುಹೋಯಿತು. ಆಗ ನಾವು ಗದಗದಲ್ಲಿ ಪ್ರಾಥಮಿಕ ಶಾಲೆಯ ವಿದ್ಯಾರ್ಥಿ. ಮನೆಯ ಹಿರಿಯರು ಬಾಗಿಲು ಕಿಟಕಿಗಳನ್ನು ಭದ್ರಪಡಿಸಿ, ಸಂದುಗಳಿಗೆ ಹಳೆಯ ಬಟ್ಟೆ ತುರುಕಿ, ಮಕ್ಕಳೆಲ್ಲರನ್ನೂ ನಡುಮನೆಯಲ್ಲಿ ಕೂರಿಸಿದರು. ಮಧ್ಯಾಹ್ನ ಮೂರೂವರೆಯ ನಂತರ ಹೊರಗೆ ಹಕ್ಕಿಗಳ ಸದ್ದು ಏರಿ ಒಮ್ಮೆಲೇ ನಿಂತದ್ದು ಕೇಳಿಸಿತು. ನಾವು ಕಂಡದ್ದು ಬಾಗಿಲಿನ ಅಡಿಯ ಬೆಳಕಿನ ಗೆರೆ ಕರಗಿ, ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಮೂಡಿದ್ದನ್ನು ಮಾತ್ರ.

ಅದೇ ಹೊತ್ತಿನಲ್ಲಿ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬಪ್ಪು ಅವರ ಸಂಸ್ಥೆಯ ವಿಜ್ಞಾನಿಗಳು ಉಪಕರಣಗಳನ್ನು ಹೂಡಿಕೊಂಡು ಆ ಎರಡು ಮೂರು ನಿಮಿಷಗಳಿಗಾಗಿ ಕಾದಿದ್ದರು. ಯುರೋಪು, ಅಮೆರಿಕಗಳಿಂದ ವಿಜ್ಞಾನಿಗಳು ಸಾವಿರಾರು ಮೈಲು ಪ್ರಯಾಣ ಮಾಡಿ ನಮ್ಮ ಸೀಮೆಗೆ ಬಂದಿದ್ದರು. ನಾವೋ ನೆರಳಿನ ನಡುಮಧ್ಯದಲ್ಲಿದ್ದೂ ನೋಡಲಿಲ್ಲ. ಇದಕ್ಕಾಗಿ ಹಿರಿಯರನ್ನು ದೂರುವುದಿಲ್ಲ. ಮಕ್ಕಳ ಕಣ್ಣಿಗೆ ಕೇಡಾಗಬಾರದೆಂಬ ಕಾಳಜಿ ಅವರದು. ರಕ್ಷಣೆಯಿಲ್ಲದೆ ಸೂರ್ಯನನ್ನು ನೋಡಿದರೆ ಕಣ್ಣಿಗೆ ಹಾನಿ ನಿಶ್ಚಯ. ಆದರೆ ಸುರಕ್ಷಿತವಾಗಿ ನೋಡುವ ಮಾರ್ಗವನ್ನು ಹೇಳಿಕೊಡುವವರು ನಮ್ಮ ಓಣಿಯಲ್ಲಿ ಇರಲಿಲ್ಲ. ಆ ಕೊರತೆ ಇಂದಿಗೂ ಮನಸ್ಸಿನಲ್ಲಿ ಉಳಿದಿದೆ.

ಕೊಟ್ಟು ಪಡೆದ ಹೆಸರು

ಗ್ರಹಣಕ್ಕೆ ಕೆಲವು ತಿಂಗಳ ಹಿಂದೆ, 1979ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಮಹಾಸಭೆಯಲ್ಲಿ ಬಪ್ಪು ಅಧ್ಯಕ್ಷರಾಗಿ ಆಯ್ಕೆಯಾಗಿದ್ದರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯರು ಅವರು. ಅದೇ ವರ್ಷ ಮೇ 19ರಂದು ದಕ್ಷಿಣ ಅಮೆರಿಕದ ಚಿಲಿ ದೇಶದ ಲಾ ಸಿಲ್ಲಾ ವೀಕ್ಷಣಾಲಯದಲ್ಲಿ ಡೆನ್ಮಾರ್ಕಿನ ಖಗೋಳವಿಜ್ಞಾನಿ ರಿಚರ್ಡ್ ವೆಸ್ಟ್ ಒಂದು ಕ್ಷುದ್ರಗ್ರಹವನ್ನು ಗುರುತಿಸಿದರು. ಮಂಗಳ ಮತ್ತು ಗುರು ಗ್ರಹಗಳ ಕಕ್ಷೆಗಳ ನಡುವೆ ಸೂರ್ಯನನ್ನು ಸುತ್ತುವ ಲಕ್ಷಾಂತರ ಬಂಡೆಗಳಲ್ಲಿ ಅದೂ ಒಂದು. ಅಂದು ಅದಕ್ಕೆ ಯಾವ ಹೆಸರೂ ಇರಲಿಲ್ಲ.

ಕ್ಷುದ್ರಗ್ರಹದ ನಾಮಕರಣ ಸಾವಧಾನವಾದ ಕಾರ್ಯ. ಮೊದಲಿಗೆ ಸಿಗುವುದು ತಾತ್ಕಾಲಿಕ ಗುರುತು ಮಾತ್ರ, ನಮ್ಮ ಬ್ಯಾಂಕಿನ ಟೋಕನ್ ಇದ್ದಂತೆ. ವೆಸ್ಟ್ ಕಂಡ ಕಾಯದ ಗುರುತು 1979 ಕೆಎನ್ ಎಂದಿತ್ತು. ಇಂಗ್ಲಿಷ್ ವರ್ಣಮಾಲೆಯ ಐ ಅಕ್ಷರವನ್ನು ಬಿಟ್ಟು, ವರ್ಷದ ಪ್ರತಿ ಅರ್ಧ ತಿಂಗಳಿಗೆ ಒಂದು ಅಕ್ಷರದಂತೆ ಎಣಿಸಿದರೆ ಕೆ ಎಂದರೆ ಮೇ ತಿಂಗಳ ಉತ್ತರಾರ್ಧ. ಎನ್ ಎಂದರೆ ಆ ಅವಧಿಯಲ್ಲಿ ದಾಖಲಾದ ಹದಿಮೂರನೆಯದು. ಆಮೇಲೆ ಅದನ್ನು ಬೇರೆ ಬೇರೆ ವರ್ಷಗಳಲ್ಲಿ ಮತ್ತೆ ಮತ್ತೆ ನೋಡಿ, ಅದು ಎಂದು ಎಲ್ಲಿರುತ್ತದೆಂದು ತಪ್ಪಿಲ್ಲದೆ ಹೇಳುವಷ್ಟು ಕಕ್ಷೆ ಖಚಿತವಾಗಬೇಕು. ಆಗ ಶಾಶ್ವತ ಸಂಖ್ಯೆ ದೊರೆಯುತ್ತದೆ. ಸಂಖ್ಯೆ ದೊರೆತ ಬಳಿಕ ಹತ್ತು ವರ್ಷಗಳ ಕಾಲ ಹೆಸರನ್ನು ಸೂಚಿಸುವ ಹಕ್ಕು ಶೋಧಕರದು. ಸೂಚಿಸಿದ ಹೆಸರಿನ ಅರ್ಥವನ್ನೂ ಕಾರಣವನ್ನೂ ಕೆಲವೇ ಸಾಲುಗಳಲ್ಲಿ ಬರೆದು ಕಳುಹಿಸಬೇಕು. ಒಕ್ಕೂಟದ ಸಮಿತಿಯೊಂದು ಅದನ್ನು ಪರಿಶೀಲಿಸಿ ಒಪ್ಪಿದರೆ ಮಾತ್ರ ಹೆಸರು ನಿಲ್ಲುತ್ತದೆ.

ನಿಯಮಗಳೂ ಇವೆ. ಇಂಗ್ಲಿಷ್ ಲಿಪಿಯಲ್ಲಿ ಹೆಸರು 16 ಅಕ್ಷರಗಳನ್ನು ಮೀರಬಾರದು. ಆದಷ್ಟು ಒಂದೇ ಪದವಾಗಿರಬೇಕು. ಉಚ್ಚರಿಸಲು ಬರಬೇಕು, ಯಾರ ಮನಸ್ಸನ್ನೂ ನೋಯಿಸಬಾರದು, ಆಗಲೇ ಇರುವ ಹೆಸರನ್ನು ಹೋಲಬಾರದು. ವ್ಯಾಪಾರದ ಹೆಸರುಗಳಿಗೆ ಅವಕಾಶವಿಲ್ಲ. ರಾಜಕೀಯ ಅಥವಾ ಸೈನ್ಯದಿಂದ ಪ್ರಸಿದ್ಧರಾದವರ ಹೆಸರನ್ನು ಅವರು ತೀರಿಕೊಂಡು ನೂರು ವರ್ಷ ಕಳೆಯುವವರೆಗೆ ಇಡುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಕಂಡುಹಿಡಿದವರು ತಮ್ಮ ಹೆಸರನ್ನು ತಾವೇ ಇಟ್ಟುಕೊಳ್ಳುವಂತಿಲ್ಲ. ಇದಕ್ಕೆ ಶುಲ್ಕವೂ ಇಲ್ಲ. ಧೂಮಕೇತುವಿನ ಹೆಸರು ಕಂಡವರ ಪಾಲು. ಕ್ಷುದ್ರಗ್ರಹದ ಹೆಸರು ಕಂಡವರು ಬೇರೊಬ್ಬರಿಗೆ ಕೊಡುವ ದಾನ.

1979 ಕೆಎನ್ ಎಂಬ ಕಾಯಕ್ಕೆ 2596 ಎಂಬ ಸಂಖ್ಯೆ ದೊರೆತು, ಅದು ವೈನು ಬಪ್ಪು ಆಯಿತು. ವೆಸ್ಟ್ ಅವರೂ ಒಕ್ಕೂಟದ ಕಾರ್ಯದಲ್ಲಿ ತೊಡಗಿದ್ದವರು, 1982ರಲ್ಲಿ ಅದರ ಪ್ರಧಾನ ಕಾರ್ಯದರ್ಶಿಯಾದವರು. ಬಪ್ಪು ಎಂತಹವರೆಂದು ಬಲ್ಲವರ ಕೈಯಿಂದ ಬಂದ ಗೌರವವಿದು. 1970ರ ಭಟ್ನಾಗರ್ ಪ್ರಶಸ್ತಿ, 1981ರ ಪದ್ಮಭೂಷಣಗಳಂತಹ ಮನ್ನಣೆಗಳೂ ಅವರಿಗೆ ಸಂದಿದ್ದವು.

ಕಾಣದೆ ಹೋದ ಕನಸು

ಬಪ್ಪು ಅವರ ದೊಡ್ಡ ಕನಸು 2.34 ಮೀಟರ್ ವ್ಯಾಸದ ದರ್ಪಣವಿರುವ ದೂರದರ್ಶಕ. ಹಣವಿದ್ದರೆ ವಿದೇಶದಿಂದ ಸಿದ್ಧವಾದುದನ್ನೇ ಕೊಳ್ಳಬಹುದಿತ್ತು. ಅದನ್ನು ಭಾರತದಲ್ಲಿಯೇ ಕಟ್ಟಬೇಕೆಂಬುದು ಅವರ ಹಟ. ಒಮ್ಮೆ ಕಟ್ಟಲು ಕಲಿತ ಕೈಗಳು ಮುಂದೆಯೂ ಕಟ್ಟಬಲ್ಲವು ಎಂಬ ವಿಚಾರ ಅದರ ಹಿಂದಿತ್ತು. ಎ. ಪಿ. ಜಯರಾಜನ್ ಅವರ ನೇತೃತ್ವದಲ್ಲಿ ಸಂಸ್ಥೆಯ ಬೆಂಗಳೂರಿನ ಪ್ರಯೋಗಾಲಯದಲ್ಲಿ ದರ್ಪಣವನ್ನು ಉಜ್ಜಿ ಅಣಿಗೊಳಿಸಿದರು. ದೂರದರ್ಶಕವನ್ನು ಹೊರುವ ಭಾರಿ ಉಕ್ಕಿನ ಭಾಗಗಳು ಸಿದ್ಧವಾದದ್ದು ನಮ್ಮ ಮಹಾರಾಷ್ಟ್ರದ ವಾಲ್‌ಚಂದ್‌ನಗರದಲ್ಲಿ.

ಅದು ಪೂರ್ಣವಾಗುವುದನ್ನು ಬಪ್ಪು ನೋಡಲಿಲ್ಲ. 1982ರ ಆಗಸ್ಟ್ ತಿಂಗಳಲ್ಲಿ ಗ್ರೀಸ್ ದೇಶದ ಪಾತ್ರಾಸ್ ನಗರದಲ್ಲಿ ಒಕ್ಕೂಟದ ಮಹಾಸಭೆ ಏರ್ಪಾಡಾಗಿತ್ತು. ಅಧ್ಯಕ್ಷರಾಗಿ ಅವರು ಅಲ್ಲಿರಬೇಕಿತ್ತು. ಹೃದಯದ ಶಸ್ತ್ರಚಿಕಿತ್ಸೆಗಾಗಿ ಜರ್ಮನಿಯ ಮ್ಯೂನಿಕ್ ನಗರದಲ್ಲಿದ್ದ ಅವರು ಆಗಸ್ಟ್ 19ರಂದು ಕೊನೆಯುಸಿರೆಳೆದರು. ಐವತ್ತೈದನೆಯ ಹುಟ್ಟುಹಬ್ಬ ಕಳೆದು ಒಂಬತ್ತು ದಿನಗಳಾಗಿದ್ದವು. ಜಗತ್ತಿನ ಖಗೋಳವಿಜ್ಞಾನಿಗಳು ತಮ್ಮ ಅಧ್ಯಕ್ಷರಿಲ್ಲದೆ ಸಭೆ ನಡೆಸಬೇಕಾಯಿತು.

ಸಂಸ್ಥೆಯ ಹೊಣೆ ಜೆ. ಸಿ. ಭಟ್ಟಾಚಾರ್ಯರ ಮೇಲೆ ಬಿದ್ದಿತು. ಕೆಲಸ ನಿಲ್ಲಲಿಲ್ಲ. 1986ರ ಜನವರಿ 6ರಂದು ಅಂದಿನ ಪ್ರಧಾನಿ ರಾಜೀವ್ ಗಾಂಧಿಯವರು ಕಾವಲೂರಿನ ದೂರದರ್ಶಕಕ್ಕೂ ವೀಕ್ಷಣಾಲಯಕ್ಕೂ ವೈನು ಬಪ್ಪು ಅವರ ಹೆಸರನ್ನಿಟ್ಟರು. ಬಹುಕಾಲ ಅದೇ ಭಾರತದ ಅತಿ ದೊಡ್ಡ ದೃಗ್ಗೋಚರ ದೂರದರ್ಶಕವಾಗಿತ್ತು. 2016ರಲ್ಲಿ ಅದನ್ನು ಮೀರಿಸಿದ 3.6 ಮೀಟರ್ ದೂರದರ್ಶಕ ಬಂದದ್ದು ದೇವಸ್ಥಲದಲ್ಲಿ. ಅದನ್ನು ಸ್ಥಾಪಿಸಿದ್ದು ಬಪ್ಪು ನೈನಿತಾಲಿಗೆ ಸಾಗಿಸಿದ ಆ ಹಳೆಯ ವೀಕ್ಷಣಾಲಯದ ಇಂದಿನ ರೂಪವಾದ ಸಂಸ್ಥೆ.

ಕಾವಲೂರು ಹೆಸರಿಟ್ಟ ಗ್ರಹಗಳು

ಪಡೆದ ದಾನವನ್ನು ಕಾವಲೂರು ಮರಳಿ ಕೊಟ್ಟ ಕಥೆಯೂ ಇಲ್ಲಿದೆ. ಏಷ್ಯಾ ಖಂಡದಿಂದ ಮೊದಲ ಬಾರಿಗೆ ಕ್ಷುದ್ರಗ್ರಹವೊಂದನ್ನು ಕಂಡವರು ಮದ್ರಾಸ್ ವೀಕ್ಷಣಾಲಯದ ನಾರ್ಮನ್ ಪಾಗ್ಸನ್, 1861ರ ಏಪ್ರಿಲ್ 17ರಂದು. ಅದಕ್ಕೆ ಏಷ್ಯಾ ಎಂದೇ ಹೆಸರಾಯಿತು. ಮದ್ರಾಸಿನಿಂದ ಅವರು ಕಂಡ ಕೊನೆಯದು 1885ರ ವೇರಾ. ಆ ಬಳಿಕ ನೂರು ವರ್ಷಕ್ಕೂ ಹೆಚ್ಚು ಕಾಲ ಭಾರತದಿಂದ ಒಂದೂ ದೊರೆಯಲಿಲ್ಲ.

1988ರ ಫೆಬ್ರವರಿ 17ರಂದು ಕಾವಲೂರಿನ ಸಣ್ಣ ದೂರದರ್ಶಕವೊಂದರಿಂದ ಆರ್. ರಾಜಮೋಹನ್ ಹೊಸದೊಂದನ್ನು ಕಂಡುಹಿಡಿದರು. 4130ನೆಯ ಸಂಖ್ಯೆ ಪಡೆದ ಅದಕ್ಕೆ ಗಣಿತಜ್ಞ ರಾಮಾನುಜನ್ ಅವರ ಹೆಸರಾಯಿತು. ಇಲ್ಲಿಯ ಇನ್ನೊಂದು ಶೋಧ, 8348ನೆಯದು, ಯುರೇನಸ್ಸಿನ ಉಂಗುರಗಳನ್ನು ಕಂಡ ಭಟ್ಟಾಚಾರ್ಯರ ಹೆಸರನ್ನು ಹೊತ್ತಿದೆ. ಮತ್ತೊಂದರ ಹೆಸರು ಸ್ವಾರಸ್ಯಕರ: 7564, ಗೋಕುಮೆನನ್. ಗೋವಿಂದ ಕುಮಾರ್ ಮೆನನ್ ಎಂಬ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಒಂದೇ ಪದವಾಗಿಸಿದ್ದು. ವಿಶ್ವಕಿರಣಗಳ ಅಧ್ಯಯನಕ್ಕೆ ಹೆಸರಾದ, ಕೆಲಕಾಲ ಇಸ್ರೋದ ಅಧ್ಯಕ್ಷರೂ ಆಗಿದ್ದ ಎಂ. ಜಿ. ಕೆ. ಮೆನನ್ ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ.

ಬೇರೆ ದೇಶಗಳ ಶೋಧಕರೂ ಭಾರತೀಯರನ್ನು ನೆನೆದಿದ್ದಾರೆ. ಸಂಗೀತಪ್ರಿಯರಾದ ನಮ್ಮ ಸದಸ್ಯರಿಗೆ ಒಂದು ಉದಾಹರಣೆ ಹೇಳಬೇಕು. ಪಂಡಿತ್ ಜಸರಾಜ್ ಅವರ ಹೆಸರನ್ನು 2019ರಲ್ಲಿ ಪಡೆದ ಕ್ಷುದ್ರಗ್ರಹದ ಸಂಖ್ಯೆ 300128. ಅವರ ಜನ್ಮದಿನ 1930ರ ಜನವರಿ 28. ವರ್ಷ, ತಿಂಗಳು, ದಿನ ಎಂದು ಬಿಡಿಸಿ ಓದಿದರೆ ಸಂಖ್ಯೆಯ ಅರ್ಥ ತಿಳಿಯುತ್ತದೆ. ಇಂದು ಶಾಶ್ವತ ಸಂಖ್ಯೆ ಪಡೆದ ಕ್ಷುದ್ರಗ್ರಹಗಳು 8 ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ಹೆಸರಿರುವುದು ಸುಮಾರು 25 ಸಾವಿರಕ್ಕೆ. ನೂರರಲ್ಲಿ ಮೂರು ನಾಲ್ಕಕ್ಕೆ ಮಾತ್ರ ಎಂದಾಯಿತು.

ಕೊನೆಯ ಮಾತು

ನಾಮಕರಣದ ಮನೆಯ ಆ ಬಾಲಕಿಗೆ ಉತ್ತರ ಕೊಡುವುದು ಬಾಕಿಯಿತ್ತು. ಗಾಂಧಿಸಾಗರದ ಎದುರಿನ ರಾಮನ್ ವಿಜ್ಞಾನ ಕೇಂದ್ರದ ತಾರಾಲಯಕ್ಕೆ ಅವಳನ್ನು ಒಂದು ಭಾನುವಾರ ಕರೆದೊಯ್ದೆವು. ಸರ್ ಸಿ. ವಿ. ರಾಮನ್ ಅವರು 1910ರ ಸುಮಾರಿಗೆ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಇದೇ ನಾಗಪುರದಲ್ಲಿ ಸೇವೆ ಸಲ್ಲಿಸಿದ್ದರು ಎಂಬುದು ಲೆಕ್ಕಪತ್ರದ ವೃತ್ತಿಯವರಾದ ನಮಗೆ ಹೆಮ್ಮೆಯ ವಿಷಯ. ಪ್ರದರ್ಶನ ಮುಗಿದ ಮೇಲೆ ಹೊರಗಿನ ಕಲ್ಲುಬೆಂಚಿನಲ್ಲಿ ಕುಳಿತು ಬಪ್ಪು ಅವರ ಕಥೆಯನ್ನೂ ನಾಮಕರಣದ ನಿಯಮಗಳನ್ನೂ ಹೇಳಿದೆವು. ಅವಳು ಎಲ್ಲವನ್ನೂ ಕೇಳಿ, ಹಾಗಾದರೆ ತಮ್ಮನ ಪ್ರಮಾಣಪತ್ರ ಸುಳ್ಳಲ್ಲವೇ ಎಂದಳು. ಕೊಟ್ಟವರ ಪ್ರೀತಿ ಸುಳ್ಳಲ್ಲ, ಸಹಿಗೆ ಮಾತ್ರ ಅಧಿಕಾರವಿಲ್ಲ ಎಂದೆವು. ಆ ಚೌಕಟ್ಟು ಇನ್ನೂ ಅವರ ಗೋಡೆಯ ಮೇಲಿದೆ. ಅದನ್ನು ತೆಗೆಯಿರೆಂದು ನಾವು ಹೇಳಲಿಲ್ಲ.

ಆದರೆ ಅವಳು ಕೇಳಿದ ಇನ್ನೊಂದು ಪ್ರಶ್ನೆ ನಮ್ಮನ್ನು ತಟ್ಟಿತು. ಅಷ್ಟು ದೊಡ್ಡ ಗ್ರಹಣ ಮನೆಯ ಮೇಲೆಯೇ ಹಾದುಹೋದಾಗ ನೀವು ಒಮ್ಮೆಯೂ ಕಿಟಕಿ ತೆರೆಯಲಿಲ್ಲವೇ ಎಂಬುದು. ತೆರೆಯಲಿಲ್ಲ ಎಂದು ಒಪ್ಪಿಕೊಂಡೆವು. ಭಾರತದ ನೆಲದ ಮೇಲೆ ಪೂರ್ಣ ಸೂರ್ಯಗ್ರಹಣ ಮುಂದೆ ಕಾಣುವುದು 2034ರ ಮಾರ್ಚ್ 20ರಂದು, ಲಡಾಖಿನ ಸೀಮೆಯಲ್ಲಿ. ನಾಗಪುರದಲ್ಲಿ ಅದು ಪಾರ್ಶ್ವಗ್ರಹಣ. ಅಷ್ಟರಲ್ಲಿ ನಾವು ಬ್ಯಾಂಕಿನಿಂದ ನಿವೃತ್ತರಾಗಿರುತ್ತೇವೆ. ಅವಳು ಕಾಲೇಜು ಮುಗಿಸಿರುತ್ತಾಳೆ. ಅಂದು ಸಂಘದ ಮಕ್ಕಳೆಲ್ಲರನ್ನೂ ಬಯಲಿನಲ್ಲಿ ಸೇರಿಸಿ, ಗ್ರಹಣ ವೀಕ್ಷಣೆಗೆಂದೇ ತಯಾರಿಸಿದ ಪ್ರಮಾಣಿತ ಕನ್ನಡಕಗಳನ್ನು ಹಂಚಿ ತೋರಿಸುವ ಹೊಣೆಯನ್ನು ಈಗಲೇ ಹೊತ್ತುಕೊಂಡಿದ್ದೇವೆ. ಸದಸ್ಯರು ಕೈಜೋಡಿಸಬೇಕೆಂದು ಕೋರುತ್ತೇವೆ.

2596 ವೈನು ಬಪ್ಪು ಬರಿಗಣ್ಣಿಗೆ ಕಾಣುವಂಥದಲ್ಲ. ಆದರೂ ಮಂಗಳ ಗುರುಗಳ ನಡುವೆ ತನ್ನ ಹಾದಿಯಲ್ಲಿ ತಪ್ಪದೆ ಸುತ್ತುತ್ತಿದೆ. ತಮಗಾಗಿ ಏನನ್ನೂ ಬೇಡದೆ ಇತರರು ಆಕಾಶವನ್ನು ನೋಡಲೆಂದು ಬಾಳಿನುದ್ದಕ್ಕೂ ವೀಕ್ಷಣಾಲಯಗಳನ್ನು ಕಟ್ಟಿದವರಿಗೆ ಬೇರೊಬ್ಬರು ಕೊಟ್ಟ ಹೆಸರದು. ನಮ್ಮ ಮಕ್ಕಳ ಹೆಸರೂ ಎಂದಾದರೂ ಅಲ್ಲಿಗೆ ಸೇರಲಿ ಎಂದು ಹಾರೈಸೋಣ. ಅದಕ್ಕೆ ಮೊದಲು ಅವರಿಗೆ ಕಿಟಕಿ ತೆರೆದುಕೊಡುವ ಕೆಲಸ ನಮ್ಮದು.